ಬುಗರಿಯ ಮೇಲೆ ಯಾರ ಚಿತ್ರ?

ಯಲಗೂರ ಹಣಮಪ್ಪನ ಜಾತ್ರೆಯಲ್ಲಿ ನಮ್ಮ ಮಾಮಾನ ಆಟಿಕೆ ಅಂಗಡಿ ಇರುತ್ತದೆ. ಅಂಗಡಿ ಎಂದರೆ ನಾಲ್ಕು ಗಳ, ಮೇಲೊಂದು ತಾಡಪತ್ರಿ, ಕೆಳಗೆ ಎರಡು ಮಂಚ, ಅಷ್ಟೇ. ನಿಡಗುಂದಿಯಿಂದ ಯಲಗೂರು ಹತ್ತಿರವೇ ಇರುವುದರಿಂದ ಕಾಲೇಜಿಗೆ ರಜೆ ಇದ್ದರೆ ನಾನೂ ಹೋಗಿ ಗಲ್ಲೆ ನೋಡಿಕೊಳ್ಳುತ್ತೇನೆ. ಈ ಸಲ ಮೂವತ್ತೈದರ ಆಸುಪಾಸಿನ ಒಬ್ಬರು ಬಂದರು. ಪುಣೆ ನಂಬರಿನ ಕಾರು, ಕೈಯಲ್ಲಿ ಆರೇಳು ವರ್ಷದ ಮಗ. ಮಗ ರಿಮೋಟ್ ಕಾರಿನ ಮುಂದೆ ಕುಕ್ಕರಗಾಲಲ್ಲಿ ಕುಳಿತುಬಿಟ್ಟ. ಅಪ್ಪನ ಕಣ್ಣು ಮಾತ್ರ ಬೇರೇನನ್ನೋ ಹುಡುಕುತ್ತಿತ್ತು.

‘ಯಣ್ಣಾ, ಆ ತಗಡಿನ ಬೋಟ್ ಐತೇನ್ರಿ? ಒಳಗ ದೀಪ ಹಚ್ಚಿ ನೀರಾಗ ಬಿಟ್ರ ಪಟಪಟ ಅಂತ ಹೋಗ್ತಿತ್ತಲ್ರಿ, ಅದು.’

‘ಅದು ಬರೂದು ನಿಂತು ಭಾಳ ವರ್ಷ ಆತ್ರಿ.’

‘ಎಲ್ಲರೆ ಸಿಕ್ರ ಹೇಳ್ರಿ. ಐನೂರು ಆದ್ರೂ ತಗೋತೇನಿ.’

ಅವರು ಹೋದ ಮೇಲೆ ಮಾಮಾ ನಕ್ಕ. ‘ಹತ್ತು ರೂಪಾಯಿ ಇದ್ದಾಗ ಎಂಟಕ್ಕ ಕೊಡು ಅಂತ ಜಗಳ ತಗೀತಿದ್ರು ನೋಡವಾ ಇವ್ರ’ ಎಂದ.

ಆ ಬೋಟಿನ ಗುಟ್ಟು ನನಗೆ ತಿಳಿದದ್ದು ಎರಡನೇ ವರ್ಷದಲ್ಲಿ ಥರ್ಮೋಡೈನಮಿಕ್ಸ್ ಓದುವಾಗ. ಹೊಟ್ಟೆಯಲ್ಲೊಂದು ಪುಟ್ಟ ತಗಡಿನ ಬಾಯ್ಲರ್, ಹಿಂದಕ್ಕೆ ಎರಡು ಸಣ್ಣ ಕೊಳವೆ. ದೀಪದ ಬಿಸಿಗೆ ನೀರು ಆವಿಯಾಗಿ ಕೊಳವೆಯ ನೀರನ್ನು ಹೊರಕ್ಕೆ ದಬ್ಬುತ್ತದೆ. ಆವಿ ತಣಿದಾಗ ನೀರು ಮತ್ತೆ ಒಳಕ್ಕೆ ಬರುತ್ತದೆ. ದಬ್ಬುವಾಗ ನೀರು ಒಂದೇ ದಿಕ್ಕಿಗೆ ಚಿಮ್ಮುತ್ತದೆ, ಒಳಗೆ ಬರುವಾಗ ಸುತ್ತಲಿಂದ ಸೇರುತ್ತದೆ, ಹೀಗಾಗಿ ದೋಣಿ ಮುಂದಕ್ಕೇ ಹೋಗುತ್ತದೆ. 1891ರಷ್ಟು ಹಿಂದೆಯೇ ಇದಕ್ಕೆ ಪೇಟೆಂಟ್ ಆಗಿತ್ತು. ಇಷ್ಟೆಲ್ಲ ವಿಜ್ಞಾನವನ್ನು ಹತ್ತು ರೂಪಾಯಿಗೆ ಮಾರುತ್ತಿದ್ದ ಮಾಮಾ ಏಳನೇ ತರಗತಿ ಫೇಲು.

ಆ ಪುಣೆಯವರೊಬ್ಬರ ಮಾತಾಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಹಳೆಯ ಆಟಿಕೆ, ಹಳೆಯ ಕಾರ್ಟೂನ್‌ಗಳ ಹಂಬಲ ಈಗ ಎಲ್ಲ ಕಡೆ ಕಾಣುತ್ತಿದೆ. 2020ರ ಲಾಕ್‌ಡೌನ್‌ನಲ್ಲಿ ದೂರದರ್ಶನ ರಾಮಾಯಣವನ್ನೂ ಶಕ್ತಿಮಾನ್‌ನನ್ನೂ ಮತ್ತೆ ತಂದಾಗ ದೊಡ್ಡವರು ಮಕ್ಕಳಂತೆ ಕಾದು ಕುಳಿತರು. 2024ರ ಜುಲೈನಲ್ಲಿ ಕಾರ್ಟೂನ್ ನೆಟ್‌ವರ್ಕ್ ಸತ್ತೇಹೋಯಿತು ಎಂಬ ಹ್ಯಾಶ್‌ಟ್ಯಾಗ್ ಜಗತ್ತಿನಾದ್ಯಂತ ಓಡಿತು. ಚಾನೆಲ್ ಸತ್ತಿರಲಿಲ್ಲ. ಆದರೆ ಮರುತಿಂಗಳು ಅದರ ಹಳೆಯ ವೆಬ್‌ಸೈಟ್ ಮುಚ್ಚಿತು, ಅಲ್ಲಿ ಆಟವಾಡಿ ಬೆಳೆದವರು ನಿಜವಾಗಿಯೇ ಬೇಸರಪಟ್ಟರು. 2025ರಲ್ಲಿ ಶಿನ್‌ಚಾನ್ ಸಿನಿಮಾಗಳು ನಮ್ಮ ದೇಶದ ಚಿತ್ರಮಂದಿರಗಳಿಗೇ ಬಂದವು. ನನ್ನ ಫೋನಿನಲ್ಲಂತೂ ದಿನಕ್ಕೊಂದಾದರೂ ಚಿಂಟು ಟಿವಿಯ ರೀಲ್ ಬರುತ್ತದೆ. ಕನ್ನಡ ಮಾತಾಡುವ ಡೋರಾ, ಕನ್ನಡದಲ್ಲಿ ಬೈಸಿಕೊಳ್ಳುವ ಜಾಕಿ ಚಾನ್. ಕೆಳಗೆ ಸಾವಿರಾರು ಜನ ‘ಆ ದಿನಗಳು ಮತ್ತೆ ಬರಲ್ಲ’ ಎಂದು ಬರೆದಿರುತ್ತಾರೆ. ಬರೆದವರಲ್ಲಿ ಹೆಚ್ಚಿನವರಿಗೆ ನನ್ನಷ್ಟೇ ವಯಸ್ಸು. ಇಪ್ಪತ್ತಕ್ಕೇ ಆ ದಿನಗಳು ಎನ್ನುವಷ್ಟು ಮುದುಕರಾಗಿದ್ದೇವೆಯೇ ಎಂದು ನಗುವವರು ನಗಲಿ. ನಾನೂ ಬರೆದಿದ್ದೇನೆ.

ನಾನು ಹೇಳಬೇಕಾದ ಮಾತು ಬೇರೆ ಇದೆ. ಈ ಹಂಬಲ ಈಗ ದೊಡ್ಡ ವ್ಯಾಪಾರ. ಯಾರ ಬಾಲ್ಯ ಟಿವಿಯಲ್ಲಿ ಬಂತೋ ಅವರ ನೆನಪು ಮಾರಾಟಕ್ಕೆ ಸಿಗುತ್ತದೆ. ನಮ್ಮ ಕಡೆಯ ಬಾಲ್ಯ ಟಿವಿಯಲ್ಲಿ ಬರಲೇ ಇಲ್ಲ. ಇದರ ಲೆಕ್ಕ ಮಾಮಾನ ಮಂಚದ ಮೇಲೆಯೇ ಸಿಗುತ್ತದೆ.

ಮಾಮಾ ಈ ಕಸುಬಿಗೆ ಬಂದು ಇಪ್ಪತ್ತೈದು ವರ್ಷವಾಯಿತು. ಸಂಕ್ರಮಣಕ್ಕೆ ವಿಜಯಪುರದ ಸಿದ್ಧೇಶ್ವರ ಜಾತ್ರೆ, ಶ್ರಾವಣದಲ್ಲಿ ಬಸವನ ಬಾಗೇವಾಡಿ, ಆಮೇಲೆ ಸಿಂದಗಿ, ಇಂಡಿ, ಮುದ್ದೇಬಿಹಾಳದ ಕಡೆಯ ಸಣ್ಣಪುಟ್ಟ ಜಾತ್ರೆ, ಉರುಸು. ಜಾತ್ರೆ ಇಲ್ಲದ ಭಾನುವಾರ ಆಲಮಟ್ಟಿಯ ಉದ್ಯಾನಕ್ಕೆ ಬರುವ ಜನರನ್ನು ನಂಬಿ ಕೈಗಾಡಿ. ಅವನು ಸುರು ಮಾಡಿದಾಗ ಶಕ್ತಿಮಾನ್ ಮುಖವಾಡ, ಶಕ್ತಿಮಾನ್ ಡ್ರೆಸ್ ಓಡುತ್ತಿದ್ದವಂತೆ. ನಾನು ಚಿಕ್ಕವಳಿದ್ದಾಗ ಬೆನ್ ಟೆನ್ ವಾಚು, ಬೇಬ್ಲೇಡ್, ಛೋಟಾ ಭೀಮ್. ಆಮೇಲೆ ಮೋಟು ಪತ್ಲು. ‘ಟೀವಿಯಾಗ ಬಂದದ್ದು ಆರು ತಿಂಗಳಿಗೆ ಜಾತ್ರಿಗೆ ಬರ್ತದ’ ಎನ್ನುವುದು ಅವನ ಲೆಕ್ಕ. ಕೋವಿಡ್ ಮುಗಿದ ಮೇಲೆ ಆ ಲೆಕ್ಕ ತಪ್ಪಿತು. ಮಕ್ಕಳು ಟಿವಿ ಬಿಟ್ಟು ಫೋನು ಹಿಡಿದರು, ಆರು ತಿಂಗಳು ಆರು ವಾರವಾಯಿತು. ಒತ್ತಿದರೆ ಟಪ್ ಎನ್ನುವ ಪಾಪ್‌ಇಟ್ ಬಂತು, ಹೋಯಿತು. 2025ರಲ್ಲಿ ಹಲ್ಲು ಕಿರಿಯುವ ಲಬುಬು ಬಂತು. ಹಾಂಕಾಂಗ್ ಮೂಲದ ಕಲಾವಿದ ಕಾಸಿಂಗ್ ಲುಂಗ್ ಬರೆದ ಆ ಗೊಂಬೆಯ ನಕಲು ಸೋಲಾಪುರ ದಾಟಿ ನಮ್ಮ ಜಾತ್ರೆಗೆ ಬಂದಿಳಿಯುವಷ್ಟರಲ್ಲಿ ಹುಡುಗಿಯರಿಗೆ ಅದರ ಮೇಲಿನ ಆಸೆ ಮುಗಿದಿತ್ತು. ಎರಡು ಡಜನ್ ಲಬುಬು ಈಗಲೂ ನಮ್ಮ ಮನೆಯ ಅಟ್ಟದ ಮೇಲೆ ಹಲ್ಲು ಕಿರಿಯುತ್ತ ಕುಳಿತಿವೆ.

ನಕಲು ಎಂದೆ, ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನಮ್ಮ ಜಾತ್ರೆಗಳಲ್ಲಿ ಮಾರಿದ ಭೀಮನ ಮುಖವಾಡಕ್ಕೆ ಯಾರ ಪರವಾನಗಿಯೂ ಇರಲಿಲ್ಲ. ಹತ್ತು ರೂಪಾಯಿಯ ಗಿರಾಕಿಗೆ ಅಸಲಿ ಕೊಡಲು ಯಾರಿಂದಲೂ ಆಗುತ್ತಿರಲಿಲ್ಲ. ನನ್ನ ಮೊದಲ ವರ್ಷದ ಫೀಸಿನ ಒಂದು ಪಾಲು ಸಿದ್ಧೇಶ್ವರ ಜಾತ್ರೆಯ ಗಲ್ಲೆಯಿಂದ ಬಂದದ್ದು. ಹಾಗಾಗಿ ಈ ವಿಷಯದಲ್ಲಿ ದೊಡ್ಡ ಮಾತು ಆಡುವ ಹಕ್ಕು ನನಗಿಲ್ಲ.

ಬೇಬ್ಲೇಡ್ ಬಂದ ವರ್ಷ ನನಗೆ ಚೆನ್ನಾಗಿ ನೆನಪಿದೆ. ಹಲ್ಲುಗಳಿರುವ ಪ್ಲಾಸ್ಟಿಕ್ ಪಟ್ಟಿ ಎಳೆದು ಬಿಟ್ಟರೆ ಪರಾತದೊಳಗೆ ಎರಡು ಬುಗರಿ ಒಂದಕ್ಕೊಂದು ಬಡಿದಾಡುತ್ತಿದ್ದವು. ನಮ್ಮ ಓಣಿಯ ಹುಡುಗರು ಅಲ್ಲಿಯವರೆಗೆ ಆಡುತ್ತಿದ್ದ ಕಟ್ಟಿಗೆಯ ಬುಗರಿಯನ್ನು ಗೂಡಿಗೆ ಎಸೆದರು. ಕಾಲೇಜಿಗೆ ಬಂದ ಮೇಲೆ ಓದಿ ತಿಳಿದದ್ದು: ಜಪಾನಿನಲ್ಲಿ ಬೇಗೋಮಾ ಎಂಬ ಹಳೆಯ ಬುಗರಿ ಆಟವಿದೆ. ದಾರ ಸುತ್ತಿ ಬಿಟ್ಟು, ಎದುರಾಳಿಯ ಬುಗರಿಯನ್ನು ಹೊಡೆದು ಹೊರಗೆ ಹಾಕುವ ಆಟ. ನಮ್ಮ ಗುನ್ನಾ ಹೊಡೆಯುವ ಆಟದ ತಮ್ಮ ಎನ್ನಬಹುದು. 1999ರಲ್ಲಿ ಅಲ್ಲಿನ ಆಟಿಕೆ ಕಂಪನಿಯೊಂದು ಅದಕ್ಕೆ ಹೊಸ ರೂಪ ಕೊಟ್ಟು ಬೇಬ್ಲೇಡ್ ಎಂದು ಹೆಸರಿಟ್ಟಿತು. ಜೊತೆಗೆ ಕಾಮಿಕ್ಸ್ ಬಂತು, ಕಾರ್ಟೂನ್ ಬಂತು. ಅಂದರೆ ಜಪಾನಿನವರು ತಮ್ಮ ಓಣಿಯ ಬುಗರಿಗೆ ಒಂದು ಕಥೆ ಕಟ್ಟಿ, ಆ ಕಥೆಯನ್ನು ಟಿವಿಯಲ್ಲಿ ತೋರಿಸಿ, ಬುಗರಿ ಆಡಿಕೊಂಡೇ ಇದ್ದ ನಮಗೆ ಬುಗರಿ ಮಾರಿದರು. ನಾವು ನಮ್ಮದನ್ನು ಎಸೆದು ಅವರದನ್ನು ಕೊಂಡೆವು.

ಪೋಕೆಮಾನ್ ಕಥೆಯೂ ಹೀಗೆಯೇ. ಅದನ್ನು ರೂಪಿಸಿದ ಸತೋಷಿ ತಾಜಿರಿ ಚಿಕ್ಕಂದಿನಲ್ಲಿ ಹುಳ ಹಿಡಿಯುವ ಹುಚ್ಚಿನವರು. ಊರು ಬೆಳೆದು ಹೊಲ, ಕೆರೆ ಮಾಯವಾದಾಗ ಆ ಸುಖ ಮುಂದಿನ ಮಕ್ಕಳಿಗೂ ಸಿಗಲಿ ಎಂದು ಅದನ್ನೇ ವಿಡಿಯೊ ಗೇಮ್ ಆಗಿ ಮಾಡಿದರು. ಕೃಷ್ಣೆಯ ಹಿನ್ನೀರಿನ ದಂಡೆಯಲ್ಲಿ ಹೆಲಿಕಾಪ್ಟರ್ ಹುಳದ ಬಾಲಕ್ಕೆ ದಾರ ಕಟ್ಟಿ ಹಾರಿಸಿದವರು ನಮ್ಮಲ್ಲಿ ಎಷ್ಟು ಜನ ಇಲ್ಲ? ಹುಳಕ್ಕೆ ಅದು ಹಿಂಸೆ, ನಿಜ. ಆದರೂ ಆ ನೆನಪು ನಮ್ಮ ಬಳಿ ಕಥೆಯಾಗದೆ, ಬರೀ ನೆನಪಾಗಿ ಉಳಿಯಿತು.

ನಮ್ಮ ಕಡೆ ಆಟಿಕೆಗೆ ಬರವಿರಲಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಕುಂಬಾರರ ಮನೆಯಿಂದ ಜೋಡಿ ಎತ್ತು ತಂದು ಪೂಜೆ ಮಾಡುತ್ತಿದ್ದೆವು. ಪೂಜೆ ಮುಗಿದ ಮೇಲೆ ಅವು ನಮ್ಮ ಪಾಲಿಗೆ ಆಟಿಕೆ. ಆಷಾಢದ ಮಂಗಳವಾರ ಕೆರೆಯ ಮಣ್ಣು ತಂದು ಗುಳ್ಳವ್ವನನ್ನು ಮಾಡಿ, ಗುಲಗಂಜಿ, ಕುಸುಬಿ ಚುಚ್ಚಿ ಸಿಂಗಾರ ಮಾಡಿ ಹುಡುಗಿಯರೆಲ್ಲ ಹಾಡಿಕೊಂಡು ತಿರುಗುತ್ತಿದ್ದೆವು. ನಮ್ಮ ಓಣಿಯಲ್ಲಿ ಕೊನೆಯ ಸಲ ಗುಳ್ಳವ್ವನನ್ನು ಮಾಡಿದಾಗ ನಾನು ಆರನೇ ತರಗತಿ. ಅದರ ಮರುವರ್ಷ ಯಾರೂ ಬೇಡ ಎನ್ನಲಿಲ್ಲ, ಸುಮ್ಮನೆ ಯಾರೂ ಮಣ್ಣು ತರಲಿಲ್ಲ. ಗುಳ್ಳವ್ವನ ರೀಲ್ ನನ್ನ ಫೋನಿಗೆ ಒಂದೂ ಬಂದಿಲ್ಲ. ಡೋರೆಮಾನ್ ನೋಡಿ ಕಣ್ಣೀರು ತರಿಸಿಕೊಳ್ಳುವ ನನ್ನ ಗೆಳತಿಯರಿಗೆ ಗುಳ್ಳವ್ವನ ನೆನಪು ಮಾಡಿದರೆ ‘ಹೌದಲಾ, ಮರ್ತೇ ಬಿಟ್ಟಿದ್ನಿ’ ಎನ್ನುತ್ತಾರೆ. ಮತ್ತೆ ಮತ್ತೆ ತೋರಿಸುವವರು ಇದ್ದದ್ದು ನೆನಪಿನಲ್ಲಿ ಉಳಿಯಿತು. ತೋರಿಸುವವರು ಇಲ್ಲದ್ದು ಹೋಯಿತು.

ಇನ್ನು ಭಾಷೆಯ ಮಾತು. ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂದದ್ದು 1995ರಲ್ಲಿ, ಪೋಗೋ 2004ರಲ್ಲಿ. ಪಕ್ಕದ ತಮಿಳು, ತೆಲುಗು ಮಕ್ಕಳಿಗೆ ಈ ಚಾನೆಲ್‌ಗಳು ಅವರವರ ಭಾಷೆಯಲ್ಲಿ ಸಿಕ್ಕವು. ನಮಗೆ ಸಿಕ್ಕದ್ದು ಹಿಂದಿ ಅಥವಾ ಇಂಗ್ಲಿಷ್. ನಮ್ಮ ಮನೆಯಲ್ಲಿ ಯಾರೂ ಹಿಂದಿ ಮಾತಾಡುವುದಿಲ್ಲ, ಆದರೆ ನಾನು ಒಂದನೇ ತರಗತಿಗೆ ಹೋಗುವಷ್ಟರಲ್ಲಿ ನೊಬಿತಾನ ಹಾಗೆ ಹಿಂದಿಯಲ್ಲಿ ಅಳುತ್ತಿದ್ದೆ. ಛೋಟಾ ಭೀಮ್ ತಯಾರಾಗುವುದು ಹೈದರಾಬಾದಿನಲ್ಲಿ. ನಿಡಗುಂದಿಗೆ ದಿಲ್ಲಿಗಿಂತ ಹೈದರಾಬಾದ್ ಎಷ್ಟೋ ಹತ್ತಿರ. ಆದರೂ ಭೀಮ ನಮ್ಮನ್ನು ಮಾತಾಡಿಸಿದ್ದು ಹಿಂದಿಯಲ್ಲೇ. ಅಷ್ಟೇಕೆ, ಶಂಕರ್‌ನಾಗ್ ಆಗುಂಬೆಯಲ್ಲಿ ನಮ್ಮದೇ ಕಲಾವಿದರನ್ನು ಇಟ್ಟುಕೊಂಡು ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಕೂಡ ತಯಾರಾದದ್ದು ಹಿಂದಿ, ಇಂಗ್ಲಿಷಿನಲ್ಲಿ.

2009ರಲ್ಲಿ ಚಿಂಟು ಟಿವಿ ಬಂದಾಗ ನನಗೆ ನಾಲ್ಕು ವರ್ಷ. ಅಕ್ಷರ ಬರದ ನನಗೆ ಟಿವಿಯೊಳಗಿನ ಹುಡುಗಿಯೊಬ್ಬಳು ಕನ್ನಡದಲ್ಲಿ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯುತ್ತಿದ್ದಳು. ನಾನು ಎದ್ದು ನಿಂತು ಕೂಗಿ ಹೇಳುತ್ತಿದ್ದೆ. ಅದು ಬೆಂಗಳೂರು ಕನ್ನಡ, ನಮ್ಮ ಕನ್ನಡ ಅಲ್ಲ, ಆದರೂ ಅರ್ಥವಾಗುತ್ತಿತ್ತು. ಅಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಊರ ಪಕ್ಕದಲ್ಲೇ 290 ಮೆಗಾವಾಟಿನ ಆಲಮಟ್ಟಿ ವಿದ್ಯುದಾಗಾರ ಇಟ್ಟುಕೊಂಡು ನಾವು ಡೋರಾ ಯಾವ ದಾರಿಗೆ ಹೋದಳೆಂದು ತಿಳಿಯದೆ ಕತ್ತಲಲ್ಲಿ ಕೂರುತ್ತಿದ್ದೆವು. ಈಗ ರೀಲ್ ಕೆಳಗೆ ‘ಆ ದಿನಗಳು’ ಎಂದು ಬರೆಯುವವರು ಹುಡುಕುತ್ತಿರುವುದು ಬಹುಶಃ ಆ ಕಾರ್ಟೂನನ್ನಲ್ಲ. ಕಾರ್ಟೂನ್ ಇಂದಿಗೂ ಇದೆ. ತಮ್ಮ ಮಾತಿನಲ್ಲಿ ತಮ್ಮನ್ನು ಕೇಳಿದವರೊಬ್ಬರು ಇದ್ದರಲ್ಲ, ಅವರನ್ನು ಹುಡುಕುತ್ತಿದ್ದಾರೆ ಎಂದು ನನಗೆ ಅನ್ನಿಸುತ್ತದೆ.

ಕನ್ನಡಕ್ಕೆ ಏಕೆ ತಡವಾಯಿತು ಎಂಬುದಕ್ಕೆ ಡಬ್ಬಿಂಗ್ ಕಥೆ ಗೊತ್ತಿರಬೇಕು. 1960ರ ದಶಕದಲ್ಲಿ ಕನ್ನಡ ಚಿತ್ರರಂಗ ಇನ್ನೂ ಮದ್ರಾಸಿನ ಸ್ಟುಡಿಯೊಗಳನ್ನು ನಂಬಿಕೊಂಡಿದ್ದಾಗ ಪರಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡಬಾರದೆಂಬ ಹೋರಾಟ ನಡೆಯಿತು. ಆಗ ಅದಕ್ಕೆ ಕಾರಣವಿತ್ತು, ನಮ್ಮ ಕಲಾವಿದರ, ತಂತ್ರಜ್ಞರ ಅನ್ನದ ಪ್ರಶ್ನೆ ಅದು. ಅದು ಕಾನೂನು ಆಗಿರಲಿಲ್ಲ, ಉದ್ಯಮದೊಳಗಿನ ಕಟ್ಟುಪಾಡು. ಆದರೆ ಕಾನೂನಿಗಿಂತ ಗಟ್ಟಿಯಾಗಿ ನಡೆಯಿತು. 2012ರಲ್ಲಿ ಆಮಿರ್ ಖಾನರ ‘ಸತ್ಯಮೇವ ಜಯತೆ’ ತಮಿಳು, ತೆಲುಗಿನಲ್ಲೆಲ್ಲ ಬಂದರೂ ಕನ್ನಡದಲ್ಲಿ ಬರಲಾಗಲಿಲ್ಲ. ಗ್ರಾಹಕರ ಸಂಘಟನೆಯವರು ದೂರು ಕೊಟ್ಟರು. 2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ತಡೆ ಸ್ಪರ್ಧೆಗೆ ವಿರುದ್ಧ ಎಂದು ಹೇಳಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ ಮೊದಲಾದವುಗಳಿಗೆ ದಂಡ ಹಾಕಿತು. 2017ರ ಮಾರ್ಚ್‌ನಲ್ಲಿ ‘ಸತ್ಯದೇವ್ ಐಪಿಎಸ್’ ಡಬ್ ಆಗಿ ತೆರೆಗೆ ಬಂತು. 2020ರಲ್ಲಿ ಮಹಾಭಾರತ ಕನ್ನಡದಲ್ಲಿ ಮನೆಮನೆಗೆ ಬಂತು.

ಸಿನಿಮಾದವರ ಅನ್ನ ಉಳಿಸಲು ಕಟ್ಟಿದ ಗೋಡೆಯೊಳಗೆ ಮಕ್ಕಳೂ ಸಿಕ್ಕಿಕೊಂಡರು. ಡಬ್ ಆದ ಕಾರ್ಟೂನಿನಿಂದ ಯಾವ ಕನ್ನಡ ಕಾರ್ಟೂನಿಗೆ ನಷ್ಟವಾಗುತ್ತಿತ್ತು? ಕನ್ನಡ ಕಾರ್ಟೂನ್ ಇದ್ದವೇ? ಇದು ನನ್ನ ದೂರು. ಡಬ್ಬಿಂಗ್ ವಿರೋಧಿಸಿದ ಹಿರಿಯರ ಬಗ್ಗೆ ನನಗೆ ಗೌರವವಿದೆ. ಆದರೆ ಆ ಅರ್ಧ ಶತಮಾನದಲ್ಲಿ ಮಕ್ಕಳಿಗಾಗಿ ನಮ್ಮದೇ ಆದದ್ದನ್ನು ಮಾಡುವ ಇನ್ನೊಂದು ಕೆಲಸವೂ ಆಗಬೇಕಿತ್ತು. ಬಾಗಿಲು ಹಾಕಿ, ಒಳಗೆ ಅಡುಗೆಯನ್ನೂ ಮಾಡದಿದ್ದರೆ ಮನೆಯ ಮಕ್ಕಳು ಪಕ್ಕದ ಮನೆಗೆ ಉಣ್ಣಲು ಹೋಗುತ್ತಾರೆ. ನಾವು ಹೋದೆವು.

ಈಗ ಮಕ್ಕಳ ಚಾನೆಲ್‌ಗಳಲ್ಲಿ ಕನ್ನಡದ ಧ್ವನಿ ಸಿಗುತ್ತದೆ, ಆದರೆ ಮಕ್ಕಳು ಅಲ್ಲಿಲ್ಲ. ಮಾಮಾನ ಮಗನಿಗೆ ಏಳು ವರ್ಷ. ಅವನು ರಿಮೋಟ್ ಮುಟ್ಟುವುದಿಲ್ಲ, ಫೋನಿನಲ್ಲಿ ಬೆರಳಾಡಿಸುತ್ತಾನೆ. ಅವನಿಗೆ ಮುಂದೆ ಯಾವುದರ ನೆನಪು ಉಳಿಯಬಹುದು ಎಂದು ಯೋಚಿಸುತ್ತೇನೆ. ನಾವು ಸಂಜೆ ಐದಕ್ಕೆ ಒಂದೇ ಕಾರ್ಟೂನಿಗಾಗಿ ಊರಿಗೆ ಊರೇ ಕಾದೆವು, ಮರುದಿನ ಶಾಲೆಯಲ್ಲಿ ಎಲ್ಲರಿಗೂ ಅದೇ ಮಾತು. ಅವನ ಫೋನು ಅವನಿಗೊಂದು ತೋರಿಸಿದರೆ ಪಕ್ಕದ ಮನೆಯ ಹುಡುಗನಿಗೆ ಇನ್ನೊಂದು ತೋರಿಸುತ್ತದೆ. ಜಾತ್ರೆಯಲ್ಲಿ ಯಾವುದನ್ನು ತಂದಿಡಬೇಕೆಂದು ಮಾಮಾನಿಗೆ ತಿಳಿಯದಿರುವುದಕ್ಕೂ ಇದೇ ಕಾರಣ.

ಒಂದು ಸಲ ಮಾತ್ರ ಹಾಗಾಗಲಿಲ್ಲ. 2025ರ ಜುಲೈ 25ರಂದು ‘ಮಹಾವತಾರ ನರಸಿಂಹ’ ಬಿಡುಗಡೆಯಾಯಿತು. ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ ಈ ಆನಿಮೇಷನ್ ಚಿತ್ರ ಕನ್ನಡವೂ ಸೇರಿ ಐದು ಭಾಷೆಗಳಲ್ಲಿ ಬಂದು 300 ಕೋಟಿ ರೂಪಾಯಿಗೂ ಹೆಚ್ಚು ಗಳಿಸಿತೆಂದು ವರದಿಯಾಯಿತು. ನಾವು ಅವನನ್ನು ವಿಜಯಪುರಕ್ಕೆ ಕರೆದುಕೊಂಡು ಹೋಗಿ ತೋರಿಸಿದೆವು. ಒಂದು ತಿಂಗಳು ಮನೆಯ ಕಂಬಗಳಿಗೆಲ್ಲ ಒದ್ದ. ಶ್ರಾವಣದ ಬಾಗೇವಾಡಿ ಜಾತ್ರೆಯಲ್ಲಿ ಹುಡುಗರು ಬಂದು ‘ನರಸಿಂಹ ಐತೇನ್ರಿ?’ ಎಂದು ಕೇಳಿದರು. ಮಾಮಾ ಸೋಲಾಪುರದ ಹೋಲ್‌ಸೇಲ್ ಅಂಗಡಿಗೆ ಫೋನು ಮಾಡಿದ. ಇರಲಿಲ್ಲ. ಸ್ಪೈಡರ್‌ಮ್ಯಾನ್ ಮುಖವಾಡ ಬೇಕಾದರೆ ಎಷ್ಟು ಬೇಕಾದರೂ ಕೊಡುತ್ತೇವೆ ಎಂದರಂತೆ.

ಹಾಗಾದರೆ ಆಟಿಕೆ ತಯಾರಿಕೆಯ ಕಡೆ ಏನಾಗುತ್ತಿದೆ? ಉದ್ಯೋಗ ಹುಡುಕುವ ನಾವೆಲ್ಲ ಇದನ್ನು ಗಮನಿಸಬೇಕು. 2020ರ ಫೆಬ್ರುವರಿ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ಆಟಿಕೆಗಳ ಆಮದು ಸುಂಕವನ್ನು ಶೇ 20ರಿಂದ ಶೇ 60ಕ್ಕೆ ಏರಿಸಿತು, 2023ರಲ್ಲಿ ಶೇ 70 ಮಾಡಿತು. 2021ರ ಜನವರಿ 1ರಿಂದ ಐಎಸ್‌ಐ ಗುರುತು ಇಲ್ಲದ ಆಟಿಕೆ ಮಾರುವಂತಿಲ್ಲ. 2014–15ಕ್ಕೆ ಹೋಲಿಸಿದರೆ 2022–23ರ ಹೊತ್ತಿಗೆ ಆಟಿಕೆ ಆಮದು ಶೇ 52ರಷ್ಟು ಇಳಿಯಿತು, ರಫ್ತು ಶೇ 239ರಷ್ಟು ಏರಿತು. 2025ರ ಬಜೆಟ್ಟಿನಲ್ಲಿ ಆಟಿಕೆಗಳಿಗಾಗಿ ರಾಷ್ಟ್ರೀಯ ಕ್ರಿಯಾ ಯೋಜನೆಯನ್ನೂ ಘೋಷಿಸಿದರು.

ಮಾಮಾನ ಕಡೆಯಿಂದ ನೋಡಿದರೆ ಇದರ ಅರ್ಥ, ನಲವತ್ತಕ್ಕೆ ಸಿಗುತ್ತಿದ್ದ ಕಾರಿಗೆ ಈಗ ತೊಂಬತ್ತು. ತೊಂಬತ್ತಕ್ಕೆ ತಂದದ್ದನ್ನು ಜಾತ್ರೆಯಲ್ಲಿ ನೂರಾ ಇಪ್ಪತ್ತಕ್ಕೆ ಮಾರಬೇಕು. ಅಷ್ಟು ಕೊಡುವವರು ಆನ್‌ಲೈನ್‌ನಲ್ಲಿ ತರಿಸಿಕೊಳ್ಳುತ್ತಾರೆ. ಈ ಸಲದ ಯಲಗೂರ ಜಾತ್ರೆಯೇ ಕೊನೆ, ಮುಂದೆ ಬಾಡಿಗೆ ಟಂಟಂ ಹೊಡೆಯುತ್ತೇನೆ ಎನ್ನುತ್ತಿದ್ದಾನೆ. ಆದರೂ ಕಾನೂನು ತಪ್ಪು ಎಂದು ನಾನು ಹೇಳಲಾರೆ. ನಾನು ಆಡಿದ ಗೊಂಬೆಗಳ ಬಣ್ಣ ಕೈಗೆ ಹತ್ತುತ್ತಿತ್ತು, ಬಾಯಿಗೂ ಹೋಗುತ್ತಿತ್ತು. ಅದರಲ್ಲಿ ಸೀಸ ಇತ್ತೋ ಏನಿತ್ತೋ, ನೋಡುವವರೇ ಇರಲಿಲ್ಲ. ಹಳೆಯ ಆಟಿಕೆಗಳ ಬಗ್ಗೆ ಹಾಡಿ ಹೊಗಳುವವರು ಇದನ್ನು ಮರೆಯುತ್ತಾರೆ.

ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರ್‌ಗೆ 2021ರ ಜನವರಿಯಲ್ಲಿ ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅಡಿಗಲ್ಲು ಹಾಕಿದರು. ದೇಶದ ಮೊದಲ ಆಟಿಕೆ ಕ್ಲಸ್ಟರ್, 5,000 ಕೋಟಿ ರೂಪಾಯಿ ಹೂಡಿಕೆ, ಐದು ವರ್ಷದಲ್ಲಿ 40,000 ಉದ್ಯೋಗ ಎಂದು ಆಗ ಹೇಳಲಾಗಿತ್ತು. ಆ ಐದು ವರ್ಷ ಈಗ ತುಂಬಿವೆ. ಎಷ್ಟು ಉದ್ಯೋಗ ಬಂದವು, ಅವುಗಳಲ್ಲಿ ಎಷ್ಟು ನಮ್ಮ ಉತ್ತರ ಕರ್ನಾಟಕದವರಿಗೆ ಸಿಕ್ಕವು ಎಂಬ ಲೆಕ್ಕವನ್ನು ಸರ್ಕಾರ ಜನರ ಮುಂದೆ ಇಡಬೇಕು. ನನ್ನಂಥ ಮೆಕ್ಯಾನಿಕಲ್ ಓದುವವರಿಗೆ ಇದು ದೊಡ್ಡ ವಿಷಯ. ಪ್ಲಾಸ್ಟಿಕ್ ಆಟಿಕೆ ಎಂದರೆ ಇಂಜೆಕ್ಷನ್ ಮೋಲ್ಡಿಂಗ್. ಅಚ್ಚು ತಯಾರಿಸಲು ಟೂಲ್ ರೂಮ್ ಬೇಕು, ಕ್ಯಾಡ್ ಬಲ್ಲವರು ಬೇಕು. ನಮ್ಮ ಹೆದ್ದಾರಿ ಹಿಡಿದು ಇಳಕಲ್, ಕುಷ್ಟಗಿ ದಾಟಿದರೆ ಕೊಪ್ಪಳ ಬಂತು. ಎಲ್ಲದಕ್ಕೂ ಬೆಂಗಳೂರಿನ ರೈಲು ಹತ್ತಬೇಕಾಗಿಲ್ಲ.

ಆದರೆ ಅಚ್ಚಿನಲ್ಲಿ ಯಾರ ಮುಖ ಬೀಳುತ್ತದೆ ಎನ್ನುವುದೇ ನನ್ನನ್ನು ಕಾಡುವ ಪ್ರಶ್ನೆ. ಆಟಿಕೆಯಲ್ಲಿ ನಿಜವಾದ ಲಾಭ ಇರುವುದು ಪ್ಲಾಸ್ಟಿಕ್‌ನಲ್ಲಿ ಅಲ್ಲ, ಪಾತ್ರದ ಹಕ್ಕಿನಲ್ಲಿ. ಪರದೇಶದ ಪಾತ್ರಗಳಿಗೆ ಕೊಪ್ಪಳದಲ್ಲಿ ಅಚ್ಚು ಹಾಕಿಕೊಟ್ಟರೆ ನಮಗೆ ಸಿಗುವುದು ಕೂಲಿ. ಭಾನಾಪುರ ಇರುವ ಅದೇ ಜಿಲ್ಲೆಯಲ್ಲಿ ಕಿನ್ನಾಳ ಇದೆ. ಅಲ್ಲಿನ ಚಿತ್ರಗಾರ ಮನೆತನದವರು ಹಗುರ ಕಟ್ಟಿಗೆಗೆ ಹುಣಸೆಬೀಜದ ಅಂಟು, ಕಟ್ಟಿಗೆ ಪುಡಿ, ಸೆಣಬಿನ ನಾರಿನ ಲೇಪ ಹಚ್ಚಿ ಗೊಂಬೆ ಮಾಡುತ್ತಾರೆ. ಚನ್ನಪಟ್ಟಣದ್ದಕ್ಕೆ ಇರುವ ಹಾಗೆ ಅದಕ್ಕೂ ಭೌಗೋಳಿಕ ಸೂಚಕ ಮಾನ್ಯತೆ ಇದೆ. 2020ರ ಆಗಸ್ಟಿನ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಚನ್ನಪಟ್ಟಣದ ಹೆಸರು ಹೇಳಿದಾಗ ನಾವೆಲ್ಲ ಹಿಗ್ಗಿದೆವು. ಇಂಥ ಗೊಂಬೆಗಳಿಗೂ, ನೋಂದಾಯಿತ ಕುಶಲಕರ್ಮಿಗಳು ಮಾಡಿದ್ದಕ್ಕೂ ಐಎಸ್‌ಐ ನಿಯಮದಿಂದ ವಿನಾಯಿತಿ ಸಿಕ್ಕಿದೆ, ಒಳ್ಳೆಯದೇ ಆಯಿತು. ಅವು ಈಗ ಶೋಕೇಸಿನಲ್ಲಿ ಕೂರುತ್ತವೆ. ಮಕ್ಕಳು ಅವುಗಳಿಗಾಗಿ ಜಾತ್ರೆಯಲ್ಲಿ ನೆಲಕ್ಕೆ ಬಿದ್ದು ಅಳುವುದಿಲ್ಲ. ಏಕೆಂದರೆ ಆ ಗೊಂಬೆಗೆ ಮಕ್ಕಳು ಬಲ್ಲ ಕಥೆ ಇಲ್ಲ.

ಕಥೆ ಕಟ್ಟುವವರಿಗೂ ಸರ್ಕಾರದ ನೀತಿ ಇದೆ. ಆನಿಮೇಷನ್, ಗೇಮಿಂಗ್, ಕಾಮಿಕ್ಸ್ ಉದ್ಯಮಕ್ಕಾಗಿ 2012ರಲ್ಲೇ ದೇಶದಲ್ಲಿ ಮೊದಲು ನೀತಿ ತಂದ ರಾಜ್ಯ ನಮ್ಮದು. 2024–29ರ ಹೊಸ ನೀತಿಯಲ್ಲಿ 30,000 ಉದ್ಯೋಗದ ಗುರಿ ಇದೆ. ಆದರೆ ಅದು ಐಟಿ–ಬಿಟಿ ಇಲಾಖೆಯ ಕಡತ. ಆಟಿಕೆ ಕ್ಲಸ್ಟರ್ ಕೈಗಾರಿಕಾ ಇಲಾಖೆಯದು. ಕಿನ್ನಾಳದ ಗೊಂಬೆ ಕರಕುಶಲದವರದು, ಮಕ್ಕಳ ಸಾಹಿತ್ಯ ಅಕಾಡೆಮಿಯವರದು. ಜಪಾನಿನ ಬುಗರಿಯಲ್ಲಿ ಈ ನಾಲ್ಕೂ ಒಂದೇ ಮೇಜಿಗೆ ಬಂದಿದ್ದವು, ನಮ್ಮಲ್ಲಿ ನಾಲ್ಕು ಕಚೇರಿಗಳಲ್ಲಿ ಬೇರೆ ಬೇರೆ ಕುಳಿತಿವೆ. ಆಟಿಕೆಗೆ, ಆನಿಮೇಷನ್‌ಗೆ ಕೊಡುವ ನೆರವಿನಲ್ಲಿ ಒಂದು ಪಾಲನ್ನು ಕನ್ನಡದ ಪಾತ್ರ, ಕನ್ನಡದ ಕಥೆ ಇರುವ ಕೆಲಸಕ್ಕೆಂದೇ ಮೀಸಲಿಟ್ಟರೆ ಸಾಕು ಎಂದು ನನಗೆ ತೋರುತ್ತದೆ. ‘ಮಾರುಕಟ್ಟೆ ಸಣ್ಣದು’ ಎಂಬ ಉತ್ತರ ಬರುತ್ತದೆಂದು ಗೊತ್ತು. ಬೇಗೋಮಾ ಆಡುತ್ತಿದ್ದ ಓಣಿಯೂ ದೊಡ್ಡದೇನಿರಲಿಲ್ಲ.

ಈ ಸೆಮಿಸ್ಟರಿನ ಮಿನಿ ಪ್ರಾಜೆಕ್ಟಿಗೆ ನಾನು ಬುಗರಿ ಆರಿಸಿಕೊಂಡೆ. ಕ್ಲಾಸಿನಲ್ಲಿ ನಕ್ಕರು. ಅರವತ್ತು ಜನರಲ್ಲಿ ಹುಡುಗಿಯರು ಐದೇ ಜನ, ಅವರಲ್ಲೊಬ್ಬಳು ಬುಗರಿ ಮಾಡುತ್ತಾಳೆ ಎಂದರೆ ನಗು ಬರಲೇಬೇಕು. ಆದರೆ ಕೆಲಸ ಸುಲಭವಿಲ್ಲ. ಆಟಿಕೆಗಳ ಮಾನದಂಡ ಐಎಸ್ 9873ರಲ್ಲಿ ಚೂಪು ತುದಿಯ ಪರೀಕ್ಷೆ ಇದೆ, ಮಕ್ಕಳ ಗಂಟಲಿಗೆ ಹೋಗುವಂಥ ಸಣ್ಣ ಭಾಗಗಳ ಪರೀಕ್ಷೆ ಇದೆ. ನಮ್ಮ ಬುಗರಿಯ ಮೊಳೆ ಮೊದಲನೆಯದರಲ್ಲೇ ಸೋಲುತ್ತದೆ. ಮೊಳೆ ತೆಗೆದು ದುಂಡು ತುದಿಯ ನೈಲಾನ್ ಹಾಕಿದರೆ ತಿರುಗುತ್ತದೆ, ಆದರೆ ಅಂಗೈ ಮೇಲೆ ತೆಗೆದುಕೊಂಡಾಗ ಆ ಕಚಗುಳಿ ಇಲ್ಲ. ಭಾರ ಎಲ್ಲಿರಬೇಕು, ಹೊಟ್ಟೆ ಎಷ್ಟು ಅಗಲವಿದ್ದರೆ ಎಷ್ಟು ಹೊತ್ತು ತಿರುಗುತ್ತದೆ ಎಂದು ಆರು ನಮೂನೆ ಮಾಡಿದೆ. ಕಾಲೇಜಿನ ಲೇತ್‌ನಲ್ಲಿ ತಿರುವಿದ ಐದನೆಯದು ಒಂದು ನಿಮಿಷ ಹನ್ನೊಂದು ಸೆಕೆಂಡ್ ನಿಂತಿತು.

ಇಂಟರ್ನ್‌ಷಿಪ್‌ಗೆ ಎಲ್ಲಿ ಹೋಗಬೇಕೆಂದು ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಅವ್ವ ಬೆಂಗಳೂರಿಗೆ ಹೋಗಿ ಸಾಫ್ಟ್‌ವೇರ್ ಕೋರ್ಸ್ ಮಾಡು ಎನ್ನುತ್ತಾಳೆ. ಅವಳು ಹೇಳುವುದರಲ್ಲಿ ತಪ್ಪಿಲ್ಲ, ಓಣಿಯಲ್ಲಿ ಮೆಕ್ಯಾನಿಕಲ್ ಮುಗಿಸಿ ಕುಳಿತವರು ಮೂವರಿದ್ದಾರೆ. ನಾನು ಕೊಪ್ಪಳದ ಕಡೆಯ ಎರಡು ಟೂಲ್ ರೂಮ್‌ಗಳಿಗೆ ಅರ್ಜಿ ಹಾಕಿ ಕಾಯುತ್ತಿದ್ದೇನೆ.

ಜಾತ್ರೆಯ ಕೊನೆಯ ರಾತ್ರಿ ತಾಡಪತ್ರಿ ಬಿಚ್ಚುವ ಮೊದಲು ಬುಗರಿಯನ್ನು ಮಾಮಾನ ಕೈಗೆ ಕೊಟ್ಟೆ. ದಾರ ಸುತ್ತಿ ಬೀಸಿದ. ಮಂಚದ ಹಲಗೆಯ ಮೇಲೆ ತಿರುಗುತ್ತಿದ್ದಾಗಲೇ ಬೆರಳ ಸಂದಿಯಿಂದ ಎತ್ತಿ ಅಂಗೈಗೆ ತಂದುಕೊಂಡ. ಪಕ್ಕದ ಬೆಂಡು ಬೆತ್ತಾಸಿನ ಅಂಗಡಿಯ ಹುಡುಗ ಓಡಿ ಬಂದು ನಿಂತ.

‘ಚೊಲೊ ತಿರಗತದ’ ಎಂದ ಮಾಮಾ. ಬುಗರಿ ನಿಂತ ಮೇಲೆ ಅದರ ಬೋಳು ಹೊಟ್ಟೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ‘ಇದರ ಮ್ಯಾಲ ಯಾರ ಚಿತ್ರ ಹಚ್ಚತೀಯವಾ?’

ನಾನಿನ್ನೂ ಅದನ್ನು ಯೋಚಿಸಿರಲಿಲ್ಲ. ಬೆಂಡು ಬೆತ್ತಾಸಿನ ಹುಡುಗ ಮಾತ್ರ ಎಷ್ಟಕ್ಕೆ ಕೊಡುತ್ತೀರಿ ಎಂದು ಕೇಳಿದ.